ಪಕ್ಕದ ತೋಟ ಸೈಟ್ ಆಗುವ ಮುಂಚೆ ಊರಿನವರ ಮತ ಕೇಳಬೇಕೇ?

ಪ್ರಶ್ನೆ: ನಮ್ಮದು ತುಮಕೂರು ಹತ್ತಿರದ ಒಂದು ಹಳ್ಳಿ. ಪಕ್ಕದ ತೆಂಗಿನ ತೋಟ ಕನ್ವರ್ಷನ್ ಆಗಿ, ಈಗ ಕಲ್ಲು ನೆಟ್ಟು ಸೈಟ್ ಮಾರುತ್ತಿದ್ದಾರೆ. ಊರಲ್ಲಿ ಯಾರನ್ನೂ ಒಂದು ಮಾತು ಕೇಳಲಿಲ್ಲ. ನೀರು, ಚರಂಡಿ, ದಾರಿಯ ತಾಪತ್ರಯ ಮಾತ್ರ ನಮಗೆ. ನನ್ನ ಮಗಳು ಕ್ಯಾಲಿಫೋರ್ನಿಯಾದ ವೆಂಚುರಾ ಕೌಂಟಿಯಲ್ಲಿದ್ದಾಳೆ. ಅಲ್ಲಿ ಕೃಷಿ ಜಮೀನನ್ನು ಮನೆ ಕಟ್ಟಲು ಬದಲಾಯಿಸಬೇಕಾದರೆ ಜನರ ಮತ ಬೇಕಂತೆ. ಇಲ್ಲೂ ಅಂಥ ಕಾನೂನು ಬರಬಾರದೇ? ಹಾಗಂತ ನನಗೂ ಮೂರು ಎಕರೆ ಇದೆ. ನಾಳೆ ನಾನು ಮಾರಲು ಹೊರಟಾಗ ಊರಿನವರು ಬೇಡ ಅಂದರೆ ನನ್ನ ಹಕ್ಕಿನ ಗತಿ ಏನು?

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. ಆದರೆ ಅಲ್ಲಿ ಜನ ಯಾವುದಕ್ಕೆ ಮತ ಹಾಕುತ್ತಾರೆ ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ವೆಂಚುರಾ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು, ಲಾಸ್ ಏಂಜಲೀಸ್‌ಗೆ ಅಂಟಿಕೊಂಡಿದೆ. ಸ್ಟ್ರಾಬೆರಿ, ನಿಂಬೆ, ಬೆಣ್ಣೆಹಣ್ಣು ಬೆಳೆಯುವ ಫಲವತ್ತಾದ ನೆಲ. ದೊಡ್ಡ ಊರಿನ ಪಕ್ಕದಲ್ಲಿ ಒಳ್ಳೆ ಮಣ್ಣಿದ್ದರೆ ಏನಾಗುತ್ತದೆ ಅಂತ ನೆಲಮಂಗಲ, ದೇವನಹಳ್ಳಿ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಅಲ್ಲಿನ ಜನ ಸಹಿ ಸಂಗ್ರಹಿಸಿ, 1995ರಲ್ಲಿ ವೆಂಚುರಾ ನಗರದಲ್ಲಿ, 1998ರಲ್ಲಿ ಇಡೀ ಕೌಂಟಿಯಲ್ಲಿ ಮತ್ತು ಅದರ ಕೆಲವು ಊರುಗಳಲ್ಲಿ ಒಂದು ಕಟ್ಟಳೆ ತಂದರು. ಹೆಸರು 'ಸೋರ್'. ಇದರ ಪ್ರಕಾರ ಈ ಕಟ್ಟಳೆ ತಂದ ಊರಿನ ಸುತ್ತ ಒಂದು ಗಡಿ ಗೆರೆ ಇರುತ್ತದೆ. ಆ ಗೆರೆಯ ಒಳಗೆ ಕಟ್ಟುವುದಕ್ಕೆ ಜನರ ಮತ ಬೇಕಿಲ್ಲ, ಮಾಮೂಲಿ ಅನುಮತಿ ಸಾಕು. ಗೆರೆಯನ್ನೇ ಸರಿಸಬೇಕಾದರೆ, ಅಥವಾ ಹೊರಗಿನ ಕೃಷಿ ಜಮೀನಿನ ದರ್ಜೆ ಬದಲಿಸಬೇಕಾದರೆ, ಮತದಾರರ ಒಪ್ಪಿಗೆ ಬೇಕು. 2016ರಲ್ಲಿ ಜನ ಇದನ್ನು 2050ರವರೆಗೆ ಮುಂದುವರಿಸಿದರು.

ಅಂದರೆ ಯಾರೋ ಒಬ್ಬ ರೈತನ ಅರ್ಜಿ ಬಂದಾಗಲೆಲ್ಲ ಊರೆಲ್ಲ ಸೇರಿ ಕೈ ಎತ್ತುವ ಏರ್ಪಾಡಲ್ಲ ಅದು. ಮೊದಲೇ ಗೆರೆ ಎಳೆದಿದ್ದಾರೆ, ಆ ಗೆರೆಗೆ ಜನ ಕಾವಲು ಕೂತಿದ್ದಾರೆ.

ಹಾಗಂತ ಮತಕ್ಕೆ ಹೋದದ್ದೆಲ್ಲ ಬಿದ್ದೇಹೋಗುತ್ತದೆ ಅಂತಲೂ ಇಲ್ಲ. ಸಾಂಟಾ ಪಾಲಾ ಅನ್ನುವ ಸಣ್ಣ ಊರಲ್ಲಿ ನಿಂಬೆ ಬೆಳೆಯುವ ಹಳೆಯ ಕಂಪನಿ ಲಿಮೊನೈರಾ ತನ್ನ ತೋಟದ ಜಾಗದಲ್ಲಿ ಸುಮಾರು 1,500 ಮನೆ ಕಟ್ಟುವ ಯೋಜನೆ ಮುಂದಿಟ್ಟಿತು. 2008ರಲ್ಲಿ ಜನ ಒಪ್ಪಿದರು. ಶಾಲೆಗೆ ಎಷ್ಟು ಜಾಗ, ಪಾರ್ಕು ಎಲ್ಲಿ, ದಾರಿ ಹೇಗೆ ಅಂತ ಊರಿನವರ ಮುಂದೆ ಬಿಡಿಸಿಟ್ಟು ಒಪ್ಪಿಸಬೇಕಾಯಿತು. ಮತದ ಭಯ ಇಲ್ಲದಿದ್ದರೆ ಇಷ್ಟು ವಿವರ ಕೊಡುವ ಬಿಲ್ಡರ್ ಎಲ್ಲಿ ಸಿಗುತ್ತಾನೆ ಹೇಳಿ.

ಇನ್ನೊಂದು ಸಣ್ಣ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಮತಕ್ಕೆ ಮುಂಚೆ ಮತದಾರರಿಗೆ ಒಂದು ಕೈಪಿಡಿ ಹೋಗುತ್ತದೆ. ಸರ್ಕಾರಿ ವಕೀಲರು ಪಕ್ಷ ವಹಿಸದೆ ಬರೆದ ವಿವರಣೆ ಅದರಲ್ಲಿರುತ್ತದೆ. ಪರವಾಗಿ ಒಂದು ವಾದ, ವಿರುದ್ಧ ಒಂದು ವಾದ, ಎರಡಕ್ಕೂ ಮರುವಾದ ಇರುತ್ತದೆ. ಈಗ ನಮ್ಮದನ್ನು ನೋಡಿ. ಮಹಾಯೋಜನೆಯಲ್ಲಿ, ಅಂದರೆ ಮಾಸ್ಟರ್ ಪ್ಲಾನಿನಲ್ಲಿ, ಹಸಿರು (ಕೃಷಿ ವಲಯ) ಅಂತ ಗುರುತಿಸಿದ ಜಮೀನನ್ನು ವಸತಿಗೆ ಬದಲಿಸಲು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಆಕ್ಷೇಪಣೆಗೆ ಕನಿಷ್ಠ 15 ದಿನ ಕಾಲಾವಕಾಶ ಕೊಡಬೇಕು. ಆ ಪ್ರಕಟಣೆ ಹೇಗಿರುತ್ತದೆ ಅಂತ ಗೊತ್ತಲ್ಲ? ಟೆಂಡರ್ ಜಾಹೀರಾತು, 'ಹೆಸರು ಬದಲಾವಣೆ' ಇವುಗಳ ನಡುವೆ ಬೆರಳಗಲದ ಜಾಗ. ಸರ್ವೆ ನಂಬರು, ಹೋಬಳಿ, ಎಕರೆ-ಗುಂಟೆ, 'ಕೃಷಿ ವಲಯದಿಂದ ವಸತಿ ವಲಯಕ್ಕೆ'. ಅಲ್ಲಿಗೆ ಮುಗಿಯಿತು. ಪಕ್ಕದ ಹೊಲದವನಿಗೂ ಅದು ತನ್ನ ಪಕ್ಕದ್ದೇ ಅಂತ ತಿಳಿಯುವುದಿಲ್ಲ. 'ಯಾರನ್ನೂ ಕೇಳಲಿಲ್ಲ' ಅಂದಿರಿ. ನಿಮ್ಮ ಊರು ಯೋಜನಾ ಪ್ರದೇಶದೊಳಗಿದ್ದು, ಆ ತೋಟ ಹಸಿರಲ್ಲಿದ್ದಿದ್ದರೆ, ಕಾನೂನಿನ ಲೆಕ್ಕದಲ್ಲಿ ಬಹುಶಃ ನಿಮ್ಮನ್ನೂ 'ಕೇಳಿದ್ದಾರೆ'!

ಈಗ ನಿಮ್ಮ ಮೂರು ಎಕರೆಗೆ ಬರೋಣ. ಸ್ವಲ್ಪ ಕಹಿ ಮಾತು, ಬೇಜಾರು ಮಾಡಿಕೊಳ್ಳಬೇಡಿ. ಜಮೀನು ನಿಮ್ಮದು, ಅದರಲ್ಲಿ ಬೇಸಾಯ ಮಾಡುವ ಹಕ್ಕು ನಿಮ್ಮದು, ಮಾರುವ ಹಕ್ಕೂ ನಿಮ್ಮದು. ಅದನ್ನು ಸೈಟ್ ಮಾಡುವ ಹಕ್ಕು ಮಾತ್ರ ಇವತ್ತೂ ನಿಮ್ಮೊಬ್ಬರದ್ದಲ್ಲ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕನ್ವರ್ಷನ್ ಆಗಬೇಕು, ಯೋಜನಾ ಪ್ರಾಧಿಕಾರದಿಂದ ಲೇಔಟ್ ನಕ್ಷೆಗೆ ಮಂಜೂರಾತಿ ಬೇಕು. ಅಂದರೆ ಬೇರೆಯವರ ಕೈಯಲ್ಲಿ ಆ ತೀರ್ಮಾನ ಆಗಲೇ ಇದೆ. ಕೆಲವೇ ಮೇಜುಗಳ ಮೇಲೆ, ಕೆಲವೇ ಸಹಿಗಳಲ್ಲಿ ಆಗುತ್ತಿದೆ, ಅಷ್ಟೇ. ಆಸ್ತಿಯ ಹಕ್ಕು 1978ರ 44ನೇ ತಿದ್ದುಪಡಿಯ ನಂತರ ನಮ್ಮಲ್ಲಿ ಮೂಲಭೂತ ಹಕ್ಕಲ್ಲ. 300-ಎ ವಿಧಿಯಡಿ ಸಂವಿಧಾನದ ಹಕ್ಕಾಗಿ ಉಳಿದಿದೆ. ಕಾನೂನಿನ ಆಧಾರ ಇಲ್ಲದೆ ಯಾರೂ ನಿಮ್ಮ ಆಸ್ತಿ ಕಸಿಯುವಂತಿಲ್ಲ. ಆದರೆ ಕಾನೂನಿನ ಮೂಲಕ ಬಳಕೆಯನ್ನು ಮಿತಿಗೊಳಿಸಬಹುದು. ಅಮೆರಿಕದಲ್ಲೂ ಅಷ್ಟೇ. ಝೋನಿಂಗ್, ಅಂದರೆ ಯಾವ ಜಾಗ ಯಾವ ಬಳಕೆಗೆ ಅಂತ ವಲಯ ಮಾಡುವುದು, ಸರಿ ಅಂತ ಅಲ್ಲಿನ ಸುಪ್ರೀಂ ಕೋರ್ಟು 1926ರಲ್ಲೇ ಹೇಳಿಬಿಟ್ಟಿದೆ.

ಜಗಳ ಇರುವುದು ಹಕ್ಕಿಗಿಂತ ಜಾಸ್ತಿ ದುಡ್ಡಿನದು. ಲೆಕ್ಕ ಹಾಕಿ ನೋಡಿ. ಒಂದು ಎಕರೆ ಅಂದರೆ 43,560 ಚದರ ಅಡಿ. ರಸ್ತೆ, ಪಾರ್ಕು, ಸಿ.ಎ. ಸೈಟಿಗೆಲ್ಲ (ಸಾರ್ವಜನಿಕ ಸೌಲಭ್ಯದ ಜಾಗ) ಬಿಟ್ಟು 100ಕ್ಕೆ 55 ಭಾಗ ಮಾರಾಟಕ್ಕೆ ಉಳಿಯಿತು ಅಂತಿಟ್ಟುಕೊಳ್ಳಿ. ಸುಮಾರು 24,000 ಚದರ ಅಡಿ. 30x40 ಅಳತೆಯ 20 ಸೈಟು. ರಾಗಿ ಹೊಲದ ಬೆಲೆಯನ್ನೂ 20 ಸೈಟಿನ ಬೆಲೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಡುವಿನ ಆ ಅಂತರ ನೀವು ಬೆವರು ಸುರಿಸಿದ್ದರಿಂದ ಬಂದದ್ದಲ್ಲ. ಹೆದ್ದಾರಿ ಬಂತು, ಕಾರ್ಖಾನೆ ಬಂತು, ಒಂದು ಕಾಗದದ ಮೇಲೆ ಬಣ್ಣ ಬದಲಾಯಿತು, ಅದರಿಂದ ಬಂದದ್ದು. ಎಷ್ಟೋ ಸಲ ರೈತನಿಗೆ ಅದೂ ಸಿಗುವುದಿಲ್ಲ. ಬಣ್ಣ ಬದಲಾಗುತ್ತದೆ ಅಂತ ಮೊದಲೇ ಗೊತ್ತಿದ್ದವನು ಹೊಲದ ಬೆಲೆಗೆ ಅಗ್ರಿಮೆಂಟ್ ಮಾಡಿಕೊಂಡಿರುತ್ತಾನೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79-ಎ, 79-ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಈ ದಾರಿ ಇನ್ನೂ ಸುಲಭವಾಗಿದೆ.

ಸ್ವಿಟ್ಜರ್ಲೆಂಡಿನವರು ಇದಕ್ಕೊಂದು ಉಪಾಯ ಮಾಡಿದ್ದಾರೆ. ಅಲ್ಲಿ ಊರಿನ ವಲಯ ನಕ್ಷೆಗೆ ಸ್ಥಳೀಯರು ಮತ ಹಾಕುವುದು ಮಾಮೂಲು. 2013ರ ಮಾರ್ಚಿನಲ್ಲಿ ಇಡೀ ದೇಶದ ಜನಮತದಲ್ಲಿ 62.9% ಮತದೊಂದಿಗೆ ಯೋಜನಾ ಕಾಯ್ದೆಯ ತಿದ್ದುಪಡಿ ಪಾಸಾಯಿತು. ಅದರಂತೆ ಕೃಷಿ ಜಮೀನು ಹೊಸದಾಗಿ ಕಟ್ಟಡ ವಲಯಕ್ಕೆ ಸೇರಿದರೆ, ಏರಿದ ಬೆಲೆಯಲ್ಲಿ ಕನಿಷ್ಠ 20% ಸಾರ್ವಜನಿಕ ಖಜಾನೆಗೆ ಹೋಗಬೇಕು. ಮಾಲೀಕನಿಗೂ ಲಾಭ, ಊರಿಗೂ ಪಾಲು. ನಮ್ಮಲ್ಲೂ ಪರಿವರ್ತನೆಗೆ ಶುಲ್ಕ ಇದೆ, ಆದರೆ ಅದಕ್ಕೂ ಏರಿದ ಬೆಲೆಗೂ ತಾಳಮೇಳ ಇಲ್ಲ. ನಿಮ್ಮ ಊರಿನ ಚರಂಡಿಗೆ ದುಡ್ಡಿಲ್ಲದೆ ಇರುವುದು ಇದೇ ಕಾರಣಕ್ಕೆ.

ಒಂದೊಂದು ತುಂಡು ಜಮೀನಿಗೂ ಮತ ಹಾಕುವುದಾದರೆ ಏನಾಗುತ್ತದೆ? ನನ್ನ ಭಯ ಇರುವುದು ಇಲ್ಲೇ.

ಅಮೆರಿಕದ ಕೋರ್ಟುಗಳು ಇದರ ಬಗ್ಗೆ ನೂರು ವರ್ಷದಿಂದ ತಲೆ ಕೆಡಿಸಿಕೊಂಡಿವೆ. ಸಿಯಾಟಲ್‌ನಲ್ಲಿ ಬಡ ವೃದ್ಧರಿಗೆ ಒಂದು ಆಶ್ರಮ ಕಟ್ಟಬೇಕಿತ್ತು. 400 ಅಡಿಯೊಳಗಿನ ಆಸ್ತಿಗಳ ಮಾಲೀಕರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು ಅಂತ ನಿಯಮ ಇತ್ತು. 1928ರಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಕಾರಣ ಸರಳ. ಅಕ್ಕಪಕ್ಕದವರು ಯಾಕೆ ಬೇಡ ಅಂದರು ಅಂತ ಹೇಳಬೇಕಾಗಿಯೇ ಇರಲಿಲ್ಲ. ಹೊಟ್ಟೆಕಿಚ್ಚಿಗೋ ಹಳೇ ದ್ವೇಷಕ್ಕೋ ಬೇಡ ಅಂದರೂ ಮೇಲೆ ಕೇಳುವವರಿಲ್ಲ. ಆದರೆ 1976ರಲ್ಲಿ ಅದೇ ಕೋರ್ಟು ಬೇರೆ ದಾರಿ ಹಿಡಿಯಿತು. ಒಹಾಯೋದ ಈಸ್ಟ್‌ಲೇಕ್ ಊರಲ್ಲಿ ಎಂಟು ಎಕರೆ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟಲು ನಗರಸಭೆ ಒಪ್ಪಿತ್ತು. ಆದರೆ ಅದಕ್ಕೆ ಮುಂಚೆಯೇ ಊರಿನ ಜನ, ಯಾವುದೇ ಭೂಬಳಕೆ ಬದಲಾವಣೆಗೆ 55% ಮತ ಬೇಕು ಅಂತ ನಿಯಮ ಮಾಡಿದ್ದರು. ಇಡೀ ಊರು ಮತ ಹಾಕುವುದು ಜನರು ಇಟ್ಟುಕೊಂಡ ಅಧಿಕಾರ, ಅದು ಬೆರಳೆಣಿಕೆಯ ನೆರೆಯವರ ಕೈಗೆ ಬೀಗ ಕೊಟ್ಟಂತಲ್ಲ ಅಂತ ಬಹುಮತದ ತೀರ್ಪು ಬಂತು. ಭಿನ್ನಮತ ಬರೆದ ನ್ಯಾಯಮೂರ್ತಿ ಸ್ಟೀವನ್ಸ್ ಅವರ ವಾದ ಬೇರೆ. ಒಬ್ಬನ ಒಂದು ಜಾಗದ ಪ್ರಶ್ನೆ ಬಂದಾಗ ಅವನಿಗೆ ಬೇಕಾದದ್ದು ಕಾರಣ, ನಿಯಮ ನೋಡಿ ಕೊಡುವ ತೀರ್ಮಾನ ಅಂದರು ಅವರು. ಕೋರ್ಟಿನಲ್ಲಿ ಅವರು ಸೋತರು. ನನ್ನ ಮಟ್ಟಿಗೆ ಅವರದೇ ಸರಿ.

ಯಾಕೆ ಅಂತೀರಾ? ಕ್ಯಾಲಿಫೋರ್ನಿಯಾದ ಇನ್ನೊಂದು ಮುಖ ನೋಡಿ. 1950ರಲ್ಲಿ ಅಲ್ಲಿನ ಜನ ತಮ್ಮ ರಾಜ್ಯದ ಸಂವಿಧಾನಕ್ಕೆ 34ನೇ ವಿಧಿ ಸೇರಿಸಿದರು. ಬಡವರಿಗೆ ಸರ್ಕಾರಿ ಬಾಡಿಗೆ ಮನೆ ಕಟ್ಟಬೇಕಾದರೆ ಸ್ಥಳೀಯರ ಮತ ಬೇಕು. ಶ್ರೀಮಂತರ ಬಂಗಲೆಗೆ ಬೇಡ, ಬಡವರ ಮನೆಗೆ ಮಾತ್ರ ಬೇಕು. 1971ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ಎತ್ತಿಹಿಡಿಯಿತು. ಮತದಾನ ಅಂದ ಕೂಡಲೇ ನ್ಯಾಯ ಅಂತಲ್ಲ. ಹೊಸ ಮನೆಯಲ್ಲಿ ಬಂದು ಇರಬೇಕಾದವನು ಇನ್ನೂ ಆ ಊರಿನವನಾಗಿರುವುದಿಲ್ಲ, ಅವನಿಗೆ ಮತವೂ ಇಲ್ಲ. ನಿಮ್ಮ ಪಕ್ಕದ ಲೇಔಟಿನಲ್ಲಿ ಸೈಟ್ ತೆಗೆದುಕೊಂಡ ಸಣ್ಣ ಸಂಬಳದವನನ್ನೂ ಒಮ್ಮೆ ನೆನಪಿಸಿಕೊಳ್ಳಿ.

ಇದನ್ನು ನಮ್ಮ ಹಳ್ಳಿಗೆ ತಂದು ನೋಡಿ. ಊರಿನ ದೊಡ್ಡ ಜಾತಿಯವರ ನಡುವೆ ಒಂದು ದಲಿತ ಕುಟುಂಬಕ್ಕೆ ಎರಡು ಎಕರೆ ಇದೆ. ರಸ್ತೆ ಪಕ್ಕದ ಜಾಗ. ಅವರು ನ್ಯಾಯವಾಗಿ ಪರಿವರ್ತನೆ ಕೇಳಿದರು. ಊರು ಮತ ಹಾಕಬೇಕು. ಫಲಿತಾಂಶ ನೀವೇ ಊಹಿಸಿ. ಸರ್ಕಾರದಿಂದ ಮಂಜೂರಾದ ಜಮೀನಾದರೆ, ಪರಿಶಿಷ್ಟರ ಅಂಥ ಜಮೀನು ಕೈತಪ್ಪದಂತೆ ತಡೆಯುವ ಪಿಟಿಸಿಎಲ್ ಕಾಯ್ದೆಯಂತೆ ಮಾರಲು ಸರ್ಕಾರದ ಅನುಮತಿ ಬೇರೆ ಬೇಕು. ಒಂದು ಬೀಗದ ಮೇಲೆ ಇನ್ನೊಂದು ಬೀಗ. ಮತ್ತೆ ಸರ್ವೆ ನಂಬರಿಗೊಂದು ಮತದಾನ ಅಂದರೆ ಸರ್ವೆ ನಂಬರಿಗೊಂದು ಬಾಡೂಟ. ಗ್ರಾಮ ಪಂಚಾಯಿತಿ ಚುನಾವಣೆ ನೋಡಿದವರಿಗೆ ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಕುಳ ಖರ್ಚು ಮಾಡಿ ಗೆಲ್ಲುತ್ತಾನೆ, ನಿಮ್ಮಂಥ ಮೂರು ಎಕರೆಯವರು ಸೋಲುತ್ತಾರೆ.

ಎಲ್ಲಕ್ಕೂ ಮತ ಅಂದರೆ ಏನಾಗುತ್ತದೆ ಅನ್ನುವುದಕ್ಕೆ ಫ್ಲಾರಿಡಾ ಉದಾಹರಣೆ ಇದೆ. ಸೇಂಟ್ ಪೀಟ್ ಬೀಚ್ ಅನ್ನುವ ಕಡಲತೀರದ ಊರು 2006ರಲ್ಲಿ ಇಂಥ ನಿಯಮ ತಂದುಕೊಂಡಿತು. ಆಮೇಲೆ ಮತ ನಡೆಯಿತು. ಮತಪತ್ರದ ವಾಕ್ಯ ದಾರಿ ತಪ್ಪಿಸುವಂತಿತ್ತು ಅಂತ ದಾವೆ ಬಿತ್ತು, ವಕೀಲರ ಖರ್ಚು ಏರಿತು. ಫ್ಲಾರಿಡಾದಲ್ಲಿ ಮತಪತ್ರದ ಸಾರಾಂಶ 75 ಪದ ಮೀರುವಂತಿಲ್ಲ. ಪುಟಗಟ್ಟಲೆ ಯೋಜನೆಯನ್ನು 75 ಪದಕ್ಕೆ ಹಿಂಡಿದರೆ ಜಗಳ ಹುಟ್ಟದೆ ಇನ್ನೇನು? 2010ರಲ್ಲಿ ಇಡೀ ರಾಜ್ಯಕ್ಕೆ ಇದನ್ನೇ ತರುವ 4ನೇ ತಿದ್ದುಪಡಿ ಜನರ ಮುಂದೆ ಬಂತು. ಗೆಲ್ಲಲು 60% ಬೇಕಿತ್ತು, ಸಿಕ್ಕಿದ್ದು ಮೂರನೇ ಒಂದು ಭಾಗ ಮಾತ್ರ. ಮರುವರ್ಷ ಶಾಸನಸಭೆ ಇನ್ನೊಂದು ತುದಿಗೆ ಹಾರಿತು. ಇಂಥ ಸ್ಥಳೀಯ ಜನಮತವನ್ನೇ ನಿಷೇಧಿಸಿತು, ಯೋಜನೆ ನೋಡಿಕೊಳ್ಳುತ್ತಿದ್ದ ರಾಜ್ಯದ ಇಲಾಖೆಯನ್ನೂ ಮುಚ್ಚಿತು. ಅತಿ ಕೇಳಿದವರಿಗೆ ಇದ್ದದ್ದೂ ಹೋಯಿತು.

ಮಾಲೀಕರ ಹಕ್ಕನ್ನು ಅತಿಯಾಗಿ ಎಳೆದರೂ ಹೀಗೇ. ಒರೆಗಾನ್ ರಾಜ್ಯದಲ್ಲಿ 1973ರಿಂದ ಊರಿನ ಸುತ್ತ ಗಡಿ ಗೆರೆಯ ಪದ್ಧತಿ ಇದೆ. 2004ರಲ್ಲಿ ಜನ 37ನೇ ಪ್ರಸ್ತಾವ ಪಾಸು ಮಾಡಿದರು. ನೀವು ಜಮೀನು ಕೊಂಡ ಮೇಲೆ ಬಂದ ನಿಯಮದಿಂದ ಬೆಲೆ ಇಳಿದರೆ ಸರ್ಕಾರ ಪರಿಹಾರ ಕೊಡಬೇಕು, ಇಲ್ಲವೇ ನಿಯಮ ಬಿಟ್ಟುಕೊಡಬೇಕು. ಸರ್ಕಾರದ ಬಳಿ ದುಡ್ಡೆಲ್ಲಿದೆ? ನಿಯಮವನ್ನೇ ಬಿಟ್ಟರು. ಹೊಲಗಳ ನಡುವೆ ಲೇಔಟ್ ಅರ್ಜಿಗಳು ಸಾಲುಗಟ್ಟಿದವು. ಮೂರೇ ವರ್ಷದಲ್ಲಿ, 2007ರಲ್ಲಿ, ಅದೇ ಮತದಾರರು 49ನೇ ಪ್ರಸ್ತಾವದ ಮೂಲಕ ಅದನ್ನು ಮೊಟಕು ಮಾಡಿದರು. ದೊಡ್ಡ ಬಡಾವಣೆ ಬೇಡ, ಹಳೇ ಮಾಲೀಕರು ಕೆಲವು ಮನೆ ಕಟ್ಟಿಕೊಳ್ಳಲಿ ಅಂದರು. ಸುಮಾರಾಗಿ ಸರಿಯಾದ ಜಾಗಕ್ಕೆ ಬಂದು ನಿಂತರು ಅನ್ನಿಸುತ್ತದೆ ನನಗೆ.

ನಮ್ಮ ದೇಶದಲ್ಲಿ ಊರಿನವರನ್ನು ಕೇಳಿದ್ದೇ ಇಲ್ಲ ಅಂತೇನಿಲ್ಲ. ಒಡಿಶಾದ ನಿಯಮಗಿರಿ ನೆನಪಿರಬೇಕು. ಬಾಕ್ಸೈಟ್ ಗಣಿಯ ವಿಷಯದಲ್ಲಿ ಗ್ರಾಮಸಭೆಗಳನ್ನು ಕೇಳಿ ಅಂತ 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಕೂತು ನೋಡಿದರು. 12 ಗ್ರಾಮಸಭೆಗೆ 12 ಕೂಡ ಬೇಡ ಅಂದವು. ಗುಡ್ಡದ ಮೇಲೆ ಇನ್ನೂ ಎಷ್ಟೋ ಹಳ್ಳಿಗಳಿದ್ದವು, ಈ 12ನ್ನು ಆರಿಸಿದ್ದು ರಾಜ್ಯ ಸರ್ಕಾರ ಅನ್ನುವುದನ್ನು ಮರೆಯಬೇಡಿ. ಮತ ಯಾರದ್ದು ಅಂತ ತೀರ್ಮಾನಿಸುವವನ ಕೈಯಲ್ಲೇ ಅರ್ಧ ಫಲಿತಾಂಶ ಇರುತ್ತದೆ. ಅದು ಅರಣ್ಯ ಹಕ್ಕು ಕಾಯ್ದೆಯ ಬಲದಿಂದ ಆದದ್ದು, ನಿಮ್ಮ ಊರಿಗೆ ಅನ್ವಯಿಸುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆ ಖಾಸಗಿ ಕಂಪನಿಗೆ 80%, ಸರ್ಕಾರಿ-ಖಾಸಗಿ ಪಾಲುದಾರಿಕೆಗೆ 70% ಸಂತ್ರಸ್ತ ಕುಟುಂಬಗಳ ಒಪ್ಪಿಗೆ ಕೇಳುತ್ತದೆ. ಅದು ಸ್ವಾಧೀನಕ್ಕೆ ಮಾತ್ರ. ನಮ್ಮ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ತನ್ನದೇ 1966ರ ಕಾಯ್ದೆ ಬಳಸುತ್ತದೆ, ಆ ಕಾಯ್ದೆಯಲ್ಲಿ ಇಂಥ ಒಪ್ಪಿಗೆಯ ಮಾತಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಗಾಗಿ ವರ್ಷಗಟ್ಟಲೆ ಹೋರಾಟ ನಡೆಯಿತು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಹೇಳಿತು. ಮೊದಲೇ ಊರಿನವರನ್ನು ಮುಂದೆ ಕೂರಿಸಿಕೊಂಡು ಕೇಳಿದ್ದರೆ ಅಷ್ಟು ವರ್ಷ ಧರಣಿ ಕೂರುವುದು ಬೇಕಿತ್ತಾ?

ಇನ್ನೊಂದು ತೊಡಕು ನಮ್ಮದೇ ವಿಶೇಷ. ಕಾನೂನಿನ ದಾರಿ ಬಿಗಿಯಾದರೆ ನಮ್ಮ ಜನ ಪಕ್ಕದ ದಾರಿ ಹಿಡಿಯುತ್ತಾರೆ. ರೆವಿನ್ಯೂ ಸೈಟು! ಕನ್ವರ್ಷನ್ ಇಲ್ಲ, ನಕ್ಷೆ ಇಲ್ಲ, ಪಾರ್ಕು ಇಲ್ಲ, 20 ಅಡಿ ರಸ್ತೆ ಬಿಟ್ಟು ಗುಂಟೆ ಲೆಕ್ಕದಲ್ಲಿ ಮಾರಾಟ. ಆಮೇಲೆ ಸಕ್ರಮ ಮಾಡಿ ಅಂತ ಒತ್ತಾಯ. ಊರಿನ ಮತ ಬೇಕು ಅಂತ ಮಾಡಿ, ರೆವಿನ್ಯೂ ಸೈಟ್ ತಡೆಯದಿದ್ದರೆ, ನಕ್ಷೆ ಮಾಡಿಸಿಕೊಂಡು ಬರುವ ಪ್ರಾಮಾಣಿಕನಿಗೆ ಮಾತ್ರ ಶಿಕ್ಷೆ.

ಹಾಗಾದರೆ ನಾನು ಏನು ಕೇಳುತ್ತೇನೆ? ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಅಂತ ನಮ್ಮ ಕಾಯ್ದೆಯಲ್ಲೇ ಇದೆ. ಆಗ ಪ್ರತಿ ಹಳ್ಳಿಯ ನಕ್ಷೆಯನ್ನು ಆ ಗ್ರಾಮಸಭೆಯ ಮುಂದಿಡಬೇಕು. ಮನೆ ಮನೆಗೆ ಕನ್ನಡದಲ್ಲಿ ಒಂದು ಹಾಳೆ ಹೋಗಬೇಕು. ಕೆರೆ, ರಾಜಕಾಲುವೆ, ಗೋಮಾಳ, ಮುಂದೆ ಮನೆ ಬರುವ ಜಾಗ, ಬೇಸಾಯಕ್ಕೇ ಉಳಿಯುವ ಜಾಗ ಎಲ್ಲ ಅದರಲ್ಲಿರಬೇಕು. ಮನೆಯ ಜಾಗ, ಬೇಸಾಯದ ಜಾಗ ಇವುಗಳ ನಡುವಿನ ಗೆರೆಗೆ ಗುಪ್ತ ಮತ ನಡೆಯಲಿ. ಗೆರೆ ಎಳೆಯುವಾಗ ಹೊಸದಾಗಿ ಬರುವವರಿಗೂ ಸಾಕಷ್ಟು ಜಾಗ ಬಿಡಲೇಬೇಕು ಅನ್ನುವ ಷರತ್ತು ಇರಲಿ. ಇಲ್ಲದಿದ್ದರೆ ಕ್ಯಾಲಿಫೋರ್ನಿಯಾದಂತೆ ಮನೆಯ ಬೆಲೆ ಮುಗಿಲಿಗೆ ಹೋಗುತ್ತದೆ. ಗೆರೆಯೊಳಗಿನ ಜಮೀನಿಗೆ ಯಾರ ಮತವೂ ಬೇಡ, ಯಾರ ಕೈಕಾಲೂ ಹಿಡಿಯುವುದು ಬೇಡ, ನಿಯಮ ಪಾಲಿಸಿದರೆ ಅನುಮತಿ ಸಿಗಬೇಕು. ಹತ್ತು ವರ್ಷದ ಮಧ್ಯೆ ಗೆರೆ ಸರಿಸಬೇಕು ಅಂತ ಯಾರಾದರೂ ಬಂದರೆ, ಅವರು ಮಂತ್ರಿಯಾಗಲಿ ಕಂಪನಿಯಾಗಲಿ, ಮತ್ತೆ ಊರಿನ ಮುಂದೆ ಬರಬೇಕು. ಏರಿದ ಬೆಲೆಯಲ್ಲಿ ಒಂದು ಪಾಲು ಆ ಪಂಚಾಯಿತಿಗೇ ಹೋಗಬೇಕು. ಹೊಲದವನು ತನಗೂ ಮಕ್ಕಳಿಗೂ ಮನೆ ಕಟ್ಟಿಕೊಳ್ಳುವುದಕ್ಕೆ ಅಡ್ಡಿ ಇರಬಾರದು. ಇದಕ್ಕೆಲ್ಲ ಸಂವಿಧಾನ ತಿದ್ದಬೇಕಿಲ್ಲ. ಭೂಮಿ ರಾಜ್ಯದ ವಿಷಯ, ವಿಧಾನಮಂಡಲ ಮನಸ್ಸು ಮಾಡಿದರೆ ಸಾಕು.

ಅಷ್ಟರಲ್ಲಿ ನೀವು ಮಾಡಬಹುದಾದದ್ದು ಇದೆ. ನಿಮ್ಮ ಊರು ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರದ ಯೋಜನಾ ಪ್ರದೇಶಕ್ಕೆ ಸೇರಿದೆಯಾ ಅಂತ ಮೊದಲು ವಿಚಾರಿಸಿ. ಸೇರಿದ್ದರೆ ಮಹಾಯೋಜನೆಯ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರು ಯಾವ ಬಣ್ಣದಲ್ಲಿದೆ ನೋಡಿ. ಹಳದಿ ಇದ್ದರೆ ಅದು ವಸತಿ ವಲಯ. ಮಾರುವ ಮಾತು ಬಂದಾಗ ಹೊಲದ ಬೆಲೆಗೆ ಅಗ್ರಿಮೆಂಟಿಗೆ ಸಹಿ ಹಾಕಬೇಡಿ. ಹಸಿರಿದ್ದರೆ, ಮಹಾಯೋಜನೆಯೇ ಪರಿಷ್ಕರಣೆಯಾಗುವವರೆಗೆ, 14-ಎ ಪ್ರಕಟಣೆ ಇಲ್ಲದೆ ಅದು ಬದಲಾಗುವುದಿಲ್ಲ. ನಿಮ್ಮ ಅಕ್ಕಪಕ್ಕದ ಹಸಿರಿಗೂ ಇದೇ ನಿಯಮ. ಹಾಗಾಗಿ ಊರಿನ ಯಾರಾದರೂ ಒಬ್ಬ ಹುಡುಗ ಪ್ರಕಟಣೆಗಳ ಮೇಲೆ ಕಣ್ಣಿಟ್ಟಿರಲಿ. ಪ್ರಕಟಣೆ ಬಂದರೆ 15 ದಿನದೊಳಗೆ ಲಿಖಿತ ಆಕ್ಷೇಪಣೆ ಕೊಡಿ, ಸ್ವೀಕೃತಿ ಪಡೆಯಿರಿ. ಸುಮ್ನೆ 'ನಮಗೆ ಬೇಡ' ಅಂತ ಬರೆದರೆ ಕಡತದಲ್ಲಿ ಮುಚ್ಚಿಹೋಗುತ್ತದೆ. ಯಾವ ಕಾಲುವೆ ಮುಚ್ಚುತ್ತದೆ, ಯಾವ ದಾರಿ ಎಷ್ಟು ಅಡಿ ಇದೆ, ನೀರು ಎಲ್ಲಿಂದ ಬರುತ್ತದೆ ಅಂತ ಬರೆಯಿರಿ. ಜೊತೆಗೆ ಗ್ರಾಮಸಭೆಯ ನಿರ್ಣಯ ಲಗತ್ತಿಸಿ. ಅದು ಕಟ್ಟುಪಾಡಲ್ಲ, ಆದರೆ ನಾಳೆ ಕೋರ್ಟಿಗೆ ಹೋದರೆ ಕಾಗದ ಬೇಕಾಗುತ್ತದೆ.

ಪಕ್ಕದ ಲೇಔಟ್ ಆಗಿಹೋಗಿದೆ, ಅದನ್ನು ವಾಪಸು ತೋಟ ಮಾಡಲು ಆಗುವುದಿಲ್ಲ. ಅದರ ಮಂಜೂರಾದ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ತರಿಸಿಕೊಳ್ಳಿ. ಪಾರ್ಕು, ಸಿ.ಎ. ಸೈಟು, ಚರಂಡಿ ಅಂತ ತೋರಿಸಿದ ಜಾಗದಲ್ಲೂ ಕಲ್ಲು ನೆಟ್ಟಿದ್ದರೆ, ಆ ಸೈಟುಗಳು ರಿಜಿಸ್ಟರ್ ಆಗುವ ಮುಂಚೆಯೇ ಪ್ರಾಧಿಕಾರಕ್ಕೂ ಪಂಚಾಯಿತಿಗೂ ದೂರು ಕೊಡಿ.